ಫ್ರಿಜ್ಜಿನೊಳಗಿನ ಲಗ್ನಗಳು

ಮಗಳು ಹೆರಿಗೆಗೆಂದು ತವರಿಗೆ ಬಂದಿದ್ದಳು. ಕೂಸು ಹುಟ್ಟಿ, ತೊಟ್ಟಿಲಿಗೆ ಹಾಕುವ ದಿನ ಗೊತ್ತಾದ ಮೇಲೆ ಅವಳಿಗೆ ತನ್ನದೇ ತೊಟ್ಟಿಲ ಕಾರ್ಯದ ಫೋಟೊ ನೋಡುವ ಆಸೆಯಾಯಿತು. ಕೂಸಿನ ಮೂಗು ತನ್ನದೋ ಗಂಡನದೋ ಎಂದು ಅತ್ತೆಯ ಮನೆಯವರ ಜೊತೆ ಫೋನಿನಲ್ಲಿ ವಾದ ನಡೆದಿತ್ತು. ನಾನು ಕಪಾಟಿನ ಮೇಲಿದ್ದ ಆಲ್ಬಮ್ ಇಳಿಸಿ, ದೂಳು ಒರೆಸಿ ಅವಳ ಮುಂದಿಟ್ಟೆ. ಎರಡು ಪುಟ ತಿರುವಿದವಳು ತಲೆಯೆತ್ತಿ ನನ್ನ ಮುಖ ನೋಡಿದಳು.

"ಅಪ್ಪಾ, ಇದೇನ ಎಲ್ಲಾರೂ ಕುಂಕುಮದ ನೀರಾಗ ಮುಳುಗಿ ಎದ್ದಂಗ ಕಾಣತಾರಲ್ಲ?"

ನಿಜವಾಗಿತ್ತು. ಹೆಂಡತಿ ತಾನೇ ಹೊಲಿದಿದ್ದ ಹಸಿರು ಕುಲಾವಿ ಕಂದು ಬಣ್ಣಕ್ಕೆ ತಿರುಗಿತ್ತು. ನಮ್ಮ ಹಳೆಯ ಮನೆಯ ನೀಲಿ ಗೋಡೆ ಇಟ್ಟಿಗೆಯ ಹಾಗಿತ್ತು. ಮುಖಗಳೆಲ್ಲ ಒಂದೇ ಕೆಂಪು. ಮೂಗು ಯಾರದೆಂದು ಹೇಳುವುದಿರಲಿ, ಅಜ್ಜಿ ಯಾರು, ಅತ್ತೆ ಯಾರು ಎಂದು ಗುರುತಿಸುವುದಕ್ಕೇ ಹೊತ್ತು ಹಿಡಿಯಿತು.

ಬೇರೆಯವರ ಮನೆಯಲ್ಲಾಗಿದ್ದರೆ ಹಳೆಯದಾಯಿತು, ಹೋಗಲಿ ಎನ್ನಬಹುದಿತ್ತು. ನಾನು ಫೋಟೊಗ್ರಾಫರ್. ಅಪ್ಪ ಧಾರವಾಡದ ಕಡೆಯ ಹಳ್ಳಿಯಿಂದ ಕಾಗದದ ಕಾರ್ಖಾನೆಯ ಕೆಲಸಕ್ಕೆಂದು ದಾಂಡೇಲಿಗೆ ಬಂದು ಇಲ್ಲೇ ನಿಂತವರು. ನಾನು ಕಾರ್ಖಾನೆಗೆ ಸೇರದೆ ಕ್ಯಾಮೆರಾ ಹಿಡಿದೆ. ಕಲರ್ ಫಿಲ್ಮ್ ನಮ್ಮ ಕಡೆಗೆ ಬಂದ ಹೊಸತರಲ್ಲಿ, ಹೆಗಲಿಗೆ ಚೀಲ ಹಾಕಿಕೊಂಡು, ಬಸ್ಸಿನಲ್ಲಿ ಹಳಿಯಾಳ, ಮುಂಡಗೋಡ, ಜೋಯಿಡಾದ ಹಳ್ಳಿಗಳಿಗೆ ಲಗ್ನದ ಫೋಟೊ ತೆಗೆಯಲು ಹೋಗುತ್ತಿದ್ದೆ. "ಬಣ್ಣಾ ಹೋಗೂದಿಲ್ಲಲ್ರಿ?" ಎಂದು ಮನೆಯ ಹಿರಿಯರು ಕೇಳಿದರೆ, "ನಿಮ್ಮ ಮೊಮ್ಮಕ್ಕಳು ನೋಡತಾರ್ರಿ" ಎನ್ನುತ್ತಿದ್ದೆ. ಸುಳ್ಳು ಹೇಳುವ ಉದ್ದೇಶವಿರಲಿಲ್ಲ. ಫಿಲ್ಮ್ ಮಾರುವವರು ನನಗೆ ಹಾಗೆ ಹೇಳಿದ್ದರು, ನಾನು ನಂಬಿದ್ದೆ. ಈಗ ನೋಡಿದರೆ ನನ್ನ ತಂದೆತಾಯಿಯ ಕಪ್ಪುಬಿಳುಪು ಲಗ್ನದ ಫೋಟೊ ಗೋಡೆಯ ಮೇಲೆ ನಿನ್ನೆ ತೆಗೆದಂತಿತ್ತು. ನನ್ನ ಮಗಳ ಬಣ್ಣದ ಫೋಟೊ ಹೀಗಾಗಿತ್ತು.

ಮರುದಿನ ಸ್ಟುಡಿಯೊದ ಹಿಂದಿನ ಕೋಣೆಯಲ್ಲಿದ್ದ ಮೂರು ಟ್ರಂಕುಗಳನ್ನು ತೆರೆದೆ. ತೆಗೆದ ಯಾವ ಲಗ್ನದ ನೆಗೆಟಿವನ್ನೂ ನಾನು ಎಸೆದಿರಲಿಲ್ಲ. ಎಸೆಯಲು ಮನಸ್ಸಾಗಿರಲಿಲ್ಲ, ಅಷ್ಟೇ. ಕೆಲವಕ್ಕೆ ಬೂಷ್ಟು ಹಿಡಿದು ಜೇಡರ ಬಲೆಯಂತೆ ಬಿಳಿ ಎಳೆಗಳು ಹಬ್ಬಿದ್ದವು. ನಮ್ಮ ಮಳೆಗಾಲದಲ್ಲಿ ಚರ್ಮದ ಚಪ್ಪಲಿಗೂ ಬೂಷ್ಟು ಬರುತ್ತದೆ. ಆದರೆ ಹೆಚ್ಚಿನವು ಚೆನ್ನಾಗಿಯೇ ಇದ್ದಂತೆ ಕಂಡವು. ಮಗಳ ತೊಟ್ಟಿಲ ಕಾರ್ಯದ ರೋಲೂ ಸಿಕ್ಕಿತು. ಅದನ್ನು ಹುಬ್ಬಳ್ಳಿಗೆ ಒಯ್ದು ಸ್ಕ್ಯಾನ್ ಮಾಡಿಸಬೇಕೆಂದು ಬೇರೆ ತೆಗೆದಿಟ್ಟೆ.

ಅದೇ ವಾರ ಒಬ್ಬ ಹೆಣ್ಣುಮಗಳು ಅಂಗಡಿಗೆ ಬಂದರು. ಕಾಳಿ ನದಿಯಲ್ಲಿ ರ‍್ಯಾಫ್ಟಿಂಗ್ ಮಾಡಲು ಮೈಸೂರಿನ ಕಡೆಯಿಂದ ಬಂದವರು. ಅವರ ಕ್ಯಾಮೆರಾ ನೀರಿಗೆ ಬಿದ್ದಿತ್ತು. ಒಳಗಿನ ಕಾರ್ಡಿನಿಂದ ಚಿತ್ರಗಳನ್ನು ತೆಗೆದುಕೊಡಲು ಆಗುತ್ತದೆಯೇ ಎಂದು ಕೇಳಿದರು. ನಾನು ಕಂಪ್ಯೂಟರಿನ ಮುಂದೆ ಕೂತಿರುವಾಗ ಅವರು ಗೋಡೆಯ ಮೇಲಿದ್ದ ನನ್ನ ಹಳೆಯ ಕೆಲಸಗಳನ್ನು ಒಂದೊಂದಾಗಿ ನೋಡುತ್ತಾ ಬಂದರು. ಅವೂ ಕೆಂಪಾಗಿದ್ದವು. ದಿನಾ ನೋಡುವ ನನ್ನ ಕಣ್ಣಿಗೆ ಅದು ಅದುವರೆಗೆ ಬಿದ್ದಿರಲಿಲ್ಲ.

"ಸರ್, ಇವುಗಳ ನೆಗೆಟಿವ್ ಇಟ್ಟಿದ್ದೀರಾ?"

"ಅದಾವ್ರಿ ಮೇಡಂ. ಟ್ರಂಕಿನಾಗ ಮುಚ್ಚಿಟ್ಟೇನಿ. ಬಿಸಲಿಗೆ ಹಿಡದಿಲ್ಲ."

"ಕತ್ತಲಲ್ಲಿಟ್ಟರೂ ಬಣ್ಣ ಹೋಗುತ್ತೆ ಸರ್. ಸೆಕೆ ಮತ್ತೆ ತೇವ ಸೇರಿದರೆ ಸಾಕು. ಈ ಹಳೇ ಪ್ರಿಂಟುಗಳಲ್ಲಿ ನೀಲಿ ಮೊದಲು ಮಾಸುತ್ತೆ, ಕೆಂಪು ಉಳ್ಕೊಳ್ಳುತ್ತೆ. ನೆಗೆಟಿವ್ ಇನ್ನೂ ಸ್ವಲ್ಪ ತಡೆದಿರಬಹುದು. ಅದನ್ನ ತಣ್ಣಗೆ ಇಡಬೇಕು."

"ತಣ್ಣಗ ಅಂದ್ರ ಎಲ್ಲಿ?"

"ಫ್ರಿಜ್ಜಿನಲ್ಲಿ."

ನಾನು ನಕ್ಕೆ. ಅವರು ನಗಲಿಲ್ಲ. ಒಂದು ವಸ್ತುಸಂಗ್ರಹಾಲಯದಲ್ಲಿ ಹಳೆಯ ಫೋಟೊಗಳನ್ನು ಕಾಪಾಡುವುದೇ ತಮ್ಮ ಕೆಲಸ ಎಂದರು. ಅಲ್ಲಿ ಬಣ್ಣದ ಫೋಟೊಗಳಿಗೆಂದೇ ಒಂದು ತಣ್ಣನೆಯ ಕೋಣೆ ಇದೆಯಂತೆ, ಬೇಸಿಗೆಯಲ್ಲೂ ಸ್ವೆಟರ್ ಹಾಕಿಕೊಂಡೇ ಒಳಗೆ ಹೋಗಬೇಕಂತೆ. ಹೇಗೆ ಕಟ್ಟಬೇಕು, ಹೇಗೆ ಇಡಬೇಕು ಎನ್ನುವುದನ್ನು ಊರಿಗೆ ಹೋದ ಮೇಲೆ ಬರೆದು ಕಳಿಸುತ್ತೇನೆಂದು ಹೇಳಿ ನನ್ನ ವಿಳಾಸ ತೆಗೆದುಕೊಂಡರು.

ಅವರ ಪತ್ರಕ್ಕೆ ಕಾಯುವ ತಾಳ್ಮೆ ನನಗಿರಲಿಲ್ಲ. ಮಳೆ ಹಿಡಿದಿತ್ತು. ಹುಬ್ಬಳ್ಳಿಗೆ ಹೋಗುವುದು ಮುಂದಕ್ಕೆ ಹೋಗುತ್ತಲೇ ಇತ್ತು. ಅಷ್ಟರಲ್ಲಿ ಬೂಷ್ಟು ಹತ್ತಬಾರದೆಂದು ಮಗಳ ರೋಲು ಮತ್ತು ಇನ್ನೂ ಕೆಲವನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಅಡುಗೆಮನೆಯ ಫ್ರಿಜ್ಜಿನಲ್ಲಿಟ್ಟೆ. ಹೆಂಡತಿ ಹಳಿಯಾಳದ ವ್ಯಾಪಾರಸ್ಥರ ಮನೆಯವಳು, ಅಡುಗೆಮನೆಯಲ್ಲಿ ತಾನಿಟ್ಟದ್ದು ತಾನಿಟ್ಟಲ್ಲೇ ಇರಬೇಕು. ಸಂಜೆ ಫ್ರಿಜ್ ತೆರೆದವಳು ಅಲ್ಲಿಂದಲೇ ಕರೆದಳು.

"ಏನ್ರಿ ಇದು? ಮಂದಿ ಲಗ್ನಾ ತಂದು ನನ್ನ ಮೆಂತೆಪಲ್ಯದ ಮಗ್ಗಲಕ ಕುಂದರಿಸೀರಿ?"

"ತಂಪ ಇರಬೇಕಂತ ಅದಕ್ಕ."

"ನಾಳೆ ಹಿಟ್ಟಿನ ಡಬ್ಬಿ ಚೆಲ್ಲಿದ್ರ ಮದಿಮಕ್ಕಳ ಮ್ಯಾಲೆ ಬೀಳತೈತಿ. ಆಮ್ಯಾಲೆ ನನಗ ಅನಬ್ಯಾಡ್ರಿ."

ಹಿಟ್ಟೇನೂ ಚೆಲ್ಲಲಿಲ್ಲ. ತಪ್ಪು ನನ್ನಿಂದಲೇ ಆಯಿತು. ಮಗಳು ಗಂಡನ ಮನೆಗೆ ಹೊರಡುವ ಮೊದಲು ಅವಳಿಗೆ ತೋರಿಸೋಣವೆಂದು, ಒಂದು ಮಳೆಯ ಮಧ್ಯಾಹ್ನ ಆ ಚೀಲವನ್ನು ಹೊರತೆಗೆದು ಅಲ್ಲೇ ಬಿಚ್ಚಿದೆ. ನೋಡನೋಡುತ್ತ ನೆಗೆಟಿವ್‌ಗಳ ಮೇಲೆಲ್ಲ ನೀರಿನ ಹನಿ ಕೂತಿತು. ಮಳೆಗಾಲದ ತೇವದ ಗಾಳಿಯನ್ನು ಒಳಗೆ ಸೇರಿಸಿಯೇ ಚೀಲ ಕಟ್ಟಿದ್ದರಿಂದ ಒಳಗಿನವು ಮೊದಲೇ ಒಂದಕ್ಕೊಂದು ಅಂಟಿಕೊಂಡಿದ್ದವು. ಬಿಡಿಸಲು ಹೋದೆ, ಮೇಲಿನ ಪದರ ಸಿಪ್ಪೆಯಂತೆ ಕಿತ್ತುಬಂತು. ಮಗಳ ತೊಟ್ಟಿಲು, ನನ್ನ ಅವ್ವನ ಕೈ, ಎಲ್ಲ ಚೂರುಚೂರಾಗಿ ನನ್ನ ಬೆರಳಿಗೆ ಹತ್ತಿದವು.

ಮಗಳು ಕೂಸನ್ನು ಎತ್ತಿಕೊಂಡು ಬಂದು ಪಕ್ಕದಲ್ಲಿ ಕೂತಳು.

"ಹೋಗ್ಲಿ ಬಿಡಪ್ಪಾ. ಅಜ್ಜಿ ನನ್ನ ಎತ್ತಿಕೊಂಡಿದ್ಲು ಅಂತ ನೀ ಹೇಳಿದ್ಯಲ್ಲ, ಅಷ್ಟ ಸಾಕು. ಉಳದವರದು ಕೆಡಸಬ್ಯಾಡ. ಆ ಮೇಡಂ ಪತ್ರ ಬರೂತನಕ ಟ್ರಂಕ ಮುಟ್ಟಬ್ಯಾಡ ನೀ."

ಅವಳು ಅದನ್ನು ಗದರಿಸುವಂತೆ ಹೇಳಿದ್ದು ನನಗೆ ಒಳ್ಳೆಯದಾಯಿತು. ಸಮಾಧಾನ ಹೇಳಿದ್ದರೆ ಅತ್ತುಬಿಡುತ್ತಿದ್ದೆನೇನೋ.

ಪತ್ರ ಆಗಸ್ಟಿನಲ್ಲಿ ಬಂತು. ಎರಡು ಹಾಳೆ, ದುಂಡು ಅಕ್ಷರ. ನಾನು ಮಾಡಿದ ತಪ್ಪುಗಳೆಲ್ಲ ಅದರಲ್ಲಿ ಮಾಡಬಾರದ ಕೆಲಸಗಳೆಂದು ಪಟ್ಟಿಯಾಗಿದ್ದವು. ಕಟ್ಟುವ ಕೆಲಸ ಒಣಹವೆಯಲ್ಲಿ ಮಾತ್ರ ಆಗಬೇಕು. ಗಾಳಿಯಾಡದ ಎರಡು ಚೀಲ, ಒಂದರೊಳಗೊಂದು. ತಿಂಡಿ ತಿನಿಸಿನ ಜೊತೆ ಇಡಬಾರದು. ಹೊರತೆಗೆದರೆ ಒಂದು ಇಡೀ ದಿನ ಚೀಲ ಬಿಚ್ಚಬಾರದು, ಕೋಣೆಯ ಬಿಸಿಗೆ ತಾನಾಗಿ ಬರಬೇಕು. ಜೊತೆಗೆ ಚೀಲದೊಳಗಿಡಲು ಸಣ್ಣ ಸಣ್ಣ ಕಾರ್ಡುಗಳನ್ನು ಕಳಿಸಿದ್ದರು. ಒಳಗೆ ತೇವ ಸೇರಿದರೆ ಅದರ ಮೇಲಿನ ನೀಲಿ ಚುಕ್ಕೆ ಗುಲಾಬಿಯಾಗುತ್ತದೆ.

ಪತ್ರವನ್ನು ಹೆಂಡತಿ ನನಗಿಂತ ಶ್ರದ್ಧೆಯಿಂದ ಓದಿದಳು. "ತಿಂಡಿ ತಿನಿಸಿನ ಜೊತೆ ಇಡಬಾರದು" ಎಂಬ ಸಾಲನ್ನು ಎರಡು ಸಲ ಓದಿದಳು. ತವರಿಗೆ ಫೋನ್ ಮಾಡಿ, ಅಣ್ಣನ ಅಂಗಡಿಯಲ್ಲಿ ಸುಮ್ಮನೆ ನಿಂತಿದ್ದ ಹಳೆಯ ಫ್ರಿಜ್ಜನ್ನು ಕೇಳಿದಳು. ಅದು ಟೆಂಪೊದಲ್ಲಿ ಹಳಿಯಾಳದಿಂದ ಬಂತು. ಅದನ್ನು ಸ್ಟುಡಿಯೊದ ಡಾರ್ಕ್‌ರೂಮಿನಲ್ಲಿ ನಿಲ್ಲಿಸಿದೆವು. ಡಿಜಿಟಲ್ ಬಂದ ಮೇಲೆ ಆ ಕೋಣೆಗೆ ನಾನು ಕಾಲಿಡುವುದೇ ಅಪರೂಪವಾಗಿತ್ತು. ಅಷ್ಟರಲ್ಲೇ ಒಂದು ಸ್ಕ್ಯಾನರನ್ನೂ ತಂದುಕೊಂಡೆ.

ಫೆಬ್ರುವರಿಯ ಒಣಬಿಸಿಲು ಬಂದ ಮೇಲೆ ಕೆಲಸಕ್ಕೆ ಕೂತೆವು. ನಾನು ಬ್ರಷ್ಷಿನಿಂದ ದೂಳು ತೆಗೆದು ಕಾಗದದ ಲಕೋಟೆಗೆ ಹಾಕುತ್ತಿದ್ದೆ. ಹೆಂಡತಿ ಊರು, ಮನೆತನ ಬರೆದು ಚೀಲ ಮುಚ್ಚುತ್ತಿದ್ದಳು. ನೆಗೆಟಿವ್ ಬೆಳಕಿಗೆ ಹಿಡಿದು, ಕಪ್ಪು ಹಲ್ಲು ಬಿಳಿ ಕೂದಲಿನ ಆ ಮುಖಗಳನ್ನು ಅವಳು ನನಗಿಂತ ಬೇಗ ಗುರುತಿಸುತ್ತಿದ್ದಳು. "ಇದು ಪಾಳಾದವರದು. ಇಕಾ, ಆ ಎತ್ತರದ ಮಾವ ಅದಾನ ನೋಡ್ರಿ." ಎರಡು ತಿಂಗಳಲ್ಲಿ ಫ್ರಿಜ್ಜು ಮುಕ್ಕಾಲು ತುಂಬಿತು.

ಆ ವರ್ಷದ ಮಳೆಗಾಲದಲ್ಲಿ ಒಂದು ದಿನ ಗಾಳಿ ಎದ್ದು, ಕೋಗಿಲಬನದ ಕಡೆ ಮರಗಳು ತಂತಿಯ ಮೇಲೆ ಬಿದ್ದು ಕರೆಂಟು ಹೋಯಿತು. ಮೊದಲ ದಿನ ಫ್ರಿಜ್ಜಿನ ಬಾಗಿಲು ತೆಗೆಯದೆ ಕಾದೆ. ಎರಡನೆಯ ದಿನ ಬೆಳಿಗ್ಗೆ ಬಾಗಿಲ ಅಂಚಿನಿಂದ ನೀರು ಜಿನುಗುತ್ತಿತ್ತು. ನಮ್ಮ ಸಾಲಿನಲ್ಲೇ ಕಾರವಾರದ ಮೀನು ತರಿಸಿ ಮಾರುವ ಗೆಳೆಯನೊಬ್ಬನಿದ್ದಾನೆ, ನನಗಿಂತ ಚಿಕ್ಕವನು. ಅವನ ಬಳಿ ಓಡಿದೆ. ಅವನು ನನ್ನ ಮಾತು ಪೂರ್ತಿ ಕೇಳದೆಯೇ ಐಸು ತುಂಬಿದ ಎರಡು ಥರ್ಮೋಕೋಲ್ ಪೆಟ್ಟಿಗೆ ಹೊತ್ತು ತಂದ.

"ಕಾಕಾ, ಇದರಾಗ ಸುರಮಾಯಿ ಎರಡ ದಿನ ತಾಜಾ ಇರತೈತಿ. ನಿಮ್ಮ ದುಲ್ಹಾ ದುಲ್ಹನ್ ಇರೂದಿಲ್ಲೇನು?"

"ವಾಸನಿ ಹಿಡದ್ರ?"

"ಹೊಸಾ ಪೆಟಗಿ ಅದಾವ, ಮೀನ ಇಟ್ಟಿಲ್ಲ. ನಿಮ್ಮಾಣಿ."

ಇಬ್ಬರೂ ಸೇರಿ ಅಷ್ಟೂ ಚೀಲಗಳನ್ನು ಐಸಿನ ಮೇಲೆ ಜೋಡಿಸಿದೆವು. ಹೆಂಡತಿ ದೇವರ ಮುಂದೆ ದೀಪ ಹಚ್ಚಿ ಬಂದಳು. ಮಧ್ಯಾಹ್ನ ಫೋನಿಗೆ ಸಿಗ್ನಲ್ ಬಂದಾಗ ಮೊದಲು ಮ್ಯೂಸಿಯಮ್ಮಿನ ಮೇಡಂಗೆ ಕರೆ ಮಾಡಿದೆ. ಅವರು ಶಾಂತವಾಗಿ ಕೇಳಿದರು.

"ಸರ್, ಚೀಲ ಯಾವುದನ್ನೂ ಬಿಚ್ಚಿಲ್ಲ ತಾನೆ?"

"ಇಲ್ರಿ."

"ಹಾಗಾದ್ರೆ ಏನೂ ಆಗಲ್ಲ. ನಾಲ್ಕು ದಿನ ಬೆಚ್ಚಗಿದ್ದ ಮಾತ್ರಕ್ಕೆ ಬಣ್ಣ ಓಡಿಹೋಗಲ್ಲ. ಮಾಸೋದಕ್ಕೆ ವರ್ಷಗಟ್ಟಲೆ ಬೇಕು. ಆದ್ರೆ ಆ ಐಸ್ ಕರಗಿದ ನೀರು ಚೀಲದೊಳಗೆ ಹೋದ್ರೆ ಕಷ್ಟ. ಮೊದಲು ಅದನ್ನ ಆಚೆ ತೆಗೀರಿ ಸರ್."

ಹೀಗೆ ಅರ್ಧ ದಿನ ಬೆವರು ಹರಿಸಿ ತುಂಬಿದ್ದನ್ನು ಮತ್ತರ್ಧ ದಿನ ಬೆವರು ಹರಿಸಿ ಹೊರತೆಗೆದೆವು. ಪ್ರತಿ ಚೀಲ ಒರೆಸಿ ಮೇಜಿನ ಮೇಲೆ ಸಾಲಾಗಿ ಇಟ್ಟೆವು. ಗೆಳೆಯ ತನ್ನ ಐಸು ವಾಪಸ್ ಒಯ್ಯುವಾಗ, "ನಿಮ್ಮ ಮಂದಿಗಿಂತ ನನ್ನ ಬಾಂಗಡೇನ ನಾಜೂಕ ಅದಾವ ಬಿಡ್ರಿ" ಎಂದು ನಕ್ಕು ಹೋದ. ಚೀಲದ ಹೊರಗಿನಿಂದಲೇ ಕಾಣುತ್ತಿದ್ದ ಕಾರ್ಡುಗಳ ಚುಕ್ಕೆಗಳೆಲ್ಲ ನೀಲಿಯಾಗಿಯೇ ಇದ್ದವು. ಮೂರನೆಯ ದಿನ ಕರೆಂಟು ಬಂತು.

ಮಳೆ ಮುಗಿದ ಮೇಲೆ ಹೆಂಡತಿಯ ಸಲಹೆಯಂತೆ ಅಂಗಡಿಯ ಮುಂದೆ ಒಂದು ಬೋರ್ಡು ಹಾಕಿದೆ: ಹಳೆಯ ಕಲರ್ ಲಗ್ನದ ನೆಗೆಟಿವ್ ನಮ್ಮಲ್ಲಿ ಕಾದಿಟ್ಟಿದ್ದೇವೆ, ಊರು ಹೇಳಿ ಕೇಳಿರಿ. ಹಲವರು ಓದಿ ಮುಂದೆ ಹೋದರು. ಕೆಲವರು ಬಂದು ಕೇಳಿದರು. ಇವರಲ್ಲಿ ಮಳಗಿಯ ಗಂಡಹೆಂಡತಿಯ ವಿಷಯ ಹೇಳಬೇಕು.

ಅವರು ಉಳವಿಗೆ ಹೊರಟವರು, ಬಸ್ಸು ಬದಲಿಸಲು ದಾಂಡೇಲಿಯಲ್ಲಿ ಇಳಿದಿದ್ದರು. ಅರವತ್ತರ ಆಸುಪಾಸಿನವರು. ಬೋರ್ಡು ಓದಿ ಒಳಗೆ ಬಂದವಳು ಹೆಂಡತಿ. ಗಂಡ ಹೊರಗೇ ನಿಂತು, "ಬಸ್ ಹೋಗತೈತಿ, ಬಾ" ಎನ್ನುತ್ತಿದ್ದ.

"ಅಣ್ಣಾರ, ನಮ್ಮ ಲಗ್ನದ ಫೋಟೋ ನೀವ ತಗದಿದ್ರಿ. ಮಳಗ್ಯಾಗ. ನೆನಪೈತೇನು?"

ನೆನಪಿರಲಿಲ್ಲ. ನನ್ನ ಹೆಂಡತಿ ಬರೆದಿಟ್ಟಿದ್ದ ಪಟ್ಟಿಯಲ್ಲಿ ಹುಡುಕಿದೆ. ಮಳಗಿಯ ಮೂರು ಲಗ್ನಗಳಿದ್ದವು. ಮನೆತನ ಹೇಳಿದ ಮೇಲೆ ಯಾವುದೆಂದು ತಿಳಿಯಿತು.

"ಅದರಾಗ ನನ್ನ ಸೀರಿ ಯಾವ ಬಣ್ಣದ್ದೈತಿ ನೋಡಿ ಹೇಳ್ರಿ ಸಾಕು," ಎಂದಳು.

ಗಂಡ ಒಳಗೆ ಬಂದ. "ಅದೊಂದ ಹಿಡಕೊಂಡ ಕುಂತಾಳ್ರಿ. ಕೆಂಪ ಸೀರಿ. ಆಲ್ಬಮ್ದಾಗ ಕಣ್ಣಿಗಿ ಕಾಣತೈತಿ. ಸೊಸೀನೂ ಕೆಂಪ ಅಂತಾಳ."

"ಆಲ್ಬಮ್ದಾಗ ಬಾಳಿಕಂಬಾನೂ ಕೆಂಪ ಐತಿ. ಬಾಳಿಕಂಬ ಕೆಂಪ ಇತ್ತೇನು? ನಂದು ಗಿಣಿಹಸರ ಇಳಕಲ್ ಸೀರಿ."

"ಸೀರಿ ಎಲ್ಲಿ ಐತ್ರಿ?" ಎಂದು ನಾನು ಕೇಳಿದೆ.

ಆಕೆ ತಲೆ ತಗ್ಗಿಸಿದಳು. "ಹಳೇ ಅರಿವಿ ತಗೊಂಡು ಭಾಂಡೆ ಕೊಡತಾರಲ್ರಿ, ಅವರಿಗಿ ಕೊಟ್ಟಬಿಟ್ಟೆ. ಆವಾಗ ಗೊತ್ತಾಗಲಿಲ್ಲ."

ನೆಗೆಟಿವ್ ಈಗ ತೆಗೆದರೂ ಒಂದು ದಿನ ಬಿಚ್ಚುವಂತಿಲ್ಲ ಎಂದು ವಿವರಿಸಿದೆ. "ಆತು, ನಾವು ಉಳವಿಗಿ ಹೋಗಿ ನಾಡದ ಹೊಳ್ಳಿ ಬರ್ತೇವಿ," ಎಂದಳು ಆಕೆ. ಅವರ ಎದುರಿಗೇ ಚೀಲ ತೆಗೆದು ಮೇಜಿನ ಮೇಲಿಟ್ಟೆ.

ಹೇಳಿದಂತೆ ಮೂರನೆಯ ದಿನ ಬಂದರು, ಹಣೆಯ ಮೇಲೆ ವಿಭೂತಿ, ಕೈಯಲ್ಲಿ ಪ್ರಸಾದದ ಪೊಟ್ಟಣ. ನನ್ನ ಹೆಂಡತಿ ಚಹಾ ತಂದಳು. ಅವರಿಬ್ಬರನ್ನೂ ಕಂಪ್ಯೂಟರಿನ ಮುಂದೆ ಕೂರಿಸಿ ನೆಗೆಟಿವ್ ಸ್ಕ್ಯಾನರಿಗೆ ಹಾಕಿದೆ. ಮೊದಲು ಪರದೆಯ ಮೇಲೆ ಎಲ್ಲ ಕಿತ್ತಳೆ ಬಣ್ಣ. ಆಮೇಲೆ ಬಣ್ಣಗಳು ಮಗುಚಿ ಚಿತ್ರ ನೇರವಾಯಿತು. ಟ್ರಂಕಿನಲ್ಲಿ ಕಳೆದ ವರ್ಷಗಳಲ್ಲಿ ಸ್ವಲ್ಪ ಮಾಸಿತ್ತು, ಹೊಸದರಂತಿತ್ತು ಎನ್ನಲಾರೆ. ಆದರೂ ಸೀರೆ ಹಸಿರಾಗಿತ್ತು. ಎಳೆಯ ಗಿಣಿಹಸಿರು, ಕೆಂಪು ಸೆರಗು.

ಗಂಡ ಪರದೆಗೆ ಮುಖ ಹತ್ತಿರ ತಂದ.

"ಕಂಪ್ಯೂಟರದಾಗ ಬಣ್ಣಾ ಬದಲ ಮಾಡಾಕ ಬರತೈತಂತಲ್ರಿ?"

"ಬರತೈತ್ರಿ. ಆದ್ರ ನಾ ಮಾಡಿಲ್ಲ. ಬಾಳಿಕಂಬ ನೋಡ್ರಿ, ನಿಮ್ಮ ಕೈಯಾಗಿನ ಅರಿಸಿಣ ನೋಡ್ರಿ. ಸೀರಿ ಬಣ್ಣಾ ತಿರುವಿದ್ರ ಅವೂ ತಿರಗತಿದ್ದೂ."

ಅವನು ಒಂದೊಂದನ್ನೇ ನೋಡಿದ. ಬಾಸಿಂಗ, ಚಪ್ಪರದ ಗರಿ, ತನ್ನ ಮೀಸೆ. "ಹಸರ ಐತಿ," ಎಂದು ಒಪ್ಪಿಕೊಂಡ. ಅವನ ಹೆಂಡತಿ ಗೆದ್ದೆ ಎನ್ನುತ್ತಾಳೆಂದು ನಾನು ಕಾದಿದ್ದೆ. ಆಕೆಯ ಕಣ್ಣು ಬೇರೆಲ್ಲೋ ಇತ್ತು. ಮದುಮಕ್ಕಳ ಹಿಂದೆ ನಿಂತಿದ್ದ ತೆಳ್ಳನೆಯ ಮುದುಕನೊಬ್ಬನ ಮೇಲೆ ಬೆರಳಿಟ್ಟಳು.

"ಅಪ್ಪನ ರುಮಾಲ ಗುಲಾಬಿ ಐತಿ."

ನಾನು ಚಿತ್ರವನ್ನು ದೊಡ್ಡದು ಮಾಡಿದೆ. ಹೌದು, ತಿಳಿಗುಲಾಬಿ ರುಮಾಲು. ಕೆಂಪಾದ ಆಲ್ಬಮ್‌ನಲ್ಲಿ ಬಿಳಿಯದೂ ಅದೇ ಬಣ್ಣಕ್ಕೆ ಕಾಣುತ್ತದೆ. ಹಾಗಾಗಿ ಇಷ್ಟು ವರ್ಷ ಆಕೆ ಅದನ್ನು ಬಿಳಿ ಎಂದೇ ತಿಳಿದಿದ್ದಳು.

"ಅವ್ವ ಹೋದಮ್ಯಾಲೆ ಅಪ್ಪ ಬಿಳೇದ ಬಿಟ್ಟು ಬ್ಯಾರೆ ಸುತ್ತಲೇ ಇಲ್ಲ. ಇದೆಲ್ಲಿಂದ ಬಂತು?"

ಗಂಡ ಚಹಾದ ಕಪ್ಪು ಕೆಳಗಿಟ್ಟ. "ನಾ ಕೊಟ್ಟಿದ್ದೆ," ಎಂದ. "ಆಯೇರಿ ಅಂತ ಮುಂಡಗೋಡದಾಗ ತಗೊಂಡಿದ್ದೆ. ಮಾವಾರು ಬ್ಯಾಡ ಅಂದ್ರು, ನನಗ ಬಿಳೇದ ಇರಲಿ ಅಂದ್ರು. ನಿಮ್ಮ ಮಗಳ ಲಗ್ನ ಐತ್ರಿ, ಇವತ್ತೊಂದಿನ ಸುತ್ತಿಕೊಳ್ರಿ ಅಂತ ಕೈ ಹಿಡದೆ. ಮಂದ್ಯಾಗ ಗದ್ದಲಿತ್ತು, ನೀ ನೋಡಲಿಲ್ಲ."

"ಇಷ್ಟ ವರ್ಷ ಹೇಳಲಿಲ್ಲಲ್ಲ?"

"ಅದೇನ ಹೇಳೂದು. ನೀ ಬರೇ ಸೀರಿ ಸುದ್ದಿ ಕೇಳತಿದ್ದಿ."

ಆಕೆ ಸೆರಗಿನಿಂದ ಕಣ್ಣೊರೆಸಿಕೊಂಡು ನಕ್ಕಳು. ನನ್ನ ಹೆಂಡತಿ ಒಳಗೆ ಹೋಗಿ ರೊಟ್ಟಿಗೆ ಹಿಟ್ಟು ಕಲಸಿದಳು. ಊಟ ಮಾಡದೆ ಅವರನ್ನು ಕಳಿಸುವ ಮಾತೇ ಇರಲಿಲ್ಲ. ಅವರು ಉಣ್ಣುವಷ್ಟರಲ್ಲಿ ನಾನು ಎರಡು ಪ್ರಿಂಟು ತೆಗೆದೆ. ಒಂದರಲ್ಲಿ ಎಲ್ಲರೂ, ಇನ್ನೊಂದರಲ್ಲಿ ರುಮಾಲು ಸುತ್ತಿದ ಅಪ್ಪ ಒಬ್ಬನೇ. ಎರಡನೆಯದನ್ನು ಕೇಳಿದ್ದು ಗಂಡ. ಮಧ್ಯಾಹ್ನದ ಬಸ್ಸಿಗೆ ಅವರನ್ನು ಹತ್ತಿಸಿ ಬಂದೆ.

ತಿಂಗಳಾದ ಮೇಲೆ ಆಕೆಯ ಫೋನು ಬಂತು. ಫೋಟೊ ಪಡಸಾಲೆಯಲ್ಲಿ, ಬಿಸಿಲು ಬೀಳದ ಗೋಡೆಗೆ ತೂಗುಹಾಕಿದ್ದಾರಂತೆ. ಸೊಸೆ ಹಸಿರು ಸೀರೆ ನೋಡಿ ತನಗೂ ಅಂಥದೇ ಬೇಕೆಂದಿದ್ದಾಳಂತೆ. ಓಣಿಯ ಇನ್ನಿಬ್ಬರು ತಮ್ಮ ಲಗ್ನ ಕೇಳಿಕೊಂಡು ಬರುವವರಿದ್ದಾರೆ ಎಂದಳು. "ಒಂದಿನ ಮೊದಲ ಫೋನ್ ಮಾಡಾಕ ಹೇಳ್ರಿ, ಹೊರಗ ತಗದಿಡತೇನಿ," ಎಂದೆ.

ಈಗ ಮತ್ತೆ ಒಣಬಿಸಿಲಿನ ದಿನಗಳು. ಮೂರನೆಯ ಟ್ರಂಕಿನಲ್ಲಿ ಇನ್ನು ಸ್ವಲ್ಪವೇ ಉಳಿದಿದೆ. ಬೆಳಗಿನ ನಾಷ್ಟಾ ಮುಗಿಸಿ ನಾವಿಬ್ಬರೂ ಅಂಗಡಿಯ ಕಟ್ಟೆಯ ಮೇಲೆ ಕೂರುತ್ತೇವೆ. ನಿನ್ನೆ ಒಂದು ರೋಲು ಸಿಕ್ಕಿತು, ಲಕೋಟೆಯ ಮೇಲೆ ಜೋಯಿಡಾ ಎಂದಷ್ಟೇ ಇದೆ, ಉಳಿದದ್ದನ್ನು ಗೆದ್ದಲು ತಿಂದಿದೆ. ಹೆಂಡತಿ ಅದನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದಳು.

"ಯಾರಂತ ಗೊತ್ತಾಗವಲ್ದು. ಮದಿಮಗಳು ಮಾತ್ರ ಪ್ರತಿಯೊಂದ್ರಾಗೂ ನಕ್ಕೋತ ನಿಂತಾಳ. ಏನಂತ ಬರೀಲಿ?"

"ನಕ್ಕೋತ ನಿಂತಾಳ ಅಂತನ ಬರಿ," ಎಂದೆ.

ಅವಳು ಹಾಗೆಯೇ ಬರೆದು ಚೀಲ ಮುಚ್ಚಿದಳು.